ವಿಶ್ವ ಚಾಂಪಿಯನ್, ಡೇಲಿ ಸಿಟಿ ಆವೃತ್ತಿ

ಬಿರುದಿಲ್ಲದವರ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದು ಬುದ್ಧ ಇವತ್ತು ಕಿಸಾಗೋತಮಿಯನ್ನು ಬೇ ಏರಿಯಾಕ್ಕೆ ಅಟ್ಟಿದ್ದರೆ, ಆಕೆ ಫ್ರೀಮಾಂಟಿನಲ್ಲಿ ಹೊರಟು ಸನಿವೇಲ್ ದಾಟಿ ಸ್ಯಾನ್ ಹೋಸೆ ಮುಟ್ಟುವ ಹೊತ್ತಿಗೂ ಸೆರಗು ಖಾಲಿಯೇ ಇರುತ್ತಿತ್ತು. ಇಲ್ಲಿ ಬಾಗಿಲು ತೆರೆಯುವವನು ಪ್ರಿನ್ಸಿಪಲ್ ಆರ್ಕಿಟೆಕ್ಟ್, ಕಾಫಿ ತರುವವಳು ಗ್ಲೋಬಲ್ ಹೆಡ್, ಮೆಟ್ಟಿಲ ಮೇಲೆ ಫೋನು ಒತ್ತುತ್ತ ಕುಳಿತ ಹೈಸ್ಕೂಲ್ ಹುಡುಗ ಯಾವುದೋ ಸೇವಾಸಂಸ್ಥೆಯ ಸ್ಥಾಪಕ ಮತ್ತು ಸಿಇಒ. ಊರಿಂದ ಬಂದ ಅಜ್ಜಿಯೊಬ್ಬಳೇ ಉಳಿದಿದ್ದಳು. ಅವಳಿಗೂ ಕಳೆದ ಯುಗಾದಿಗೆ ಶಾಲು ಹೊದಿಸಿ 'ಮಾತೃರತ್ನ' ಕೊಟ್ಟಾಗಿದೆ.

ಇದಕ್ಕೆ ಸಾಫ್ಟ್‌ವೇರಿನವರನ್ನು ಬೈಯುವುದು ಅನ್ಯಾಯ. ಸಿಲಿಕಾನ್ ವ್ಯಾಲಿ ಎಂಬ ಹೆಸರು ಚಲಾವಣೆಗೆ ಬರುವ ಮೊದಲೇ ಈ ನೆಲದಲ್ಲಿ ಬಿರುದಿನ ಬೇಸಾಯ ನಡೆದಿತ್ತು, ಅದೂ ಕುಸ್ತಿಯ ಕಣದಲ್ಲಿ. 1961ರಲ್ಲಿ ರಾಯ್ ಶೈರ್ ಎಂಬ ಮಾಜಿ ಪೈಲ್ವಾನ ಕೌ ಪ್ಯಾಲೇಸ್ ಎಂಬ ಕ್ರೀಡಾಂಗಣದಲ್ಲಿ ಟಿಕೆಟ್ ಕುಸ್ತಿ ಶುರುಮಾಡಿದ. 1964ರ ಜುಲೈಯಲ್ಲಿ ರಿಪಬ್ಲಿಕನ್ನರು ಬ್ಯಾರಿ ಗೋಲ್ಡ್‌ವಾಟರ್‌ಗೆ ರಾಷ್ಟ್ರಾಧ್ಯಕ್ಷ ಸ್ಥಾನದ ಟಿಕೆಟ್ ಕೊಟ್ಟದ್ದು, ಮರುತಿಂಗಳು ಬೀಟಲ್ಸ್ ಬಂದು ಹಾಡಿದ್ದು, ಎಲ್ಲ ಇದೇ ಸೂರಿನಡಿ. ಕಟ್ಟಡ ಇರುವುದು ಡೇಲಿ ಸಿಟಿಯಲ್ಲಿ, ಹೆಸರು ಮಾತ್ರ ಸ್ಯಾನ್ ಫ್ರಾನ್ಸಿಸ್ಕೋದ್ದು. ದೇವನಹಳ್ಳಿಯಲ್ಲಿಳಿದು 'ಬೆಂಗಳೂರು ತಲುಪಿದೆ' ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶೈರ್ ಬಳಿ ಜೋಡಿ ಕುಸ್ತಿಗೆ ಒಂದು 'ವಿಶ್ವ' ಪಟ್ಟವಿತ್ತು. ನ್ಯಾಷನಲ್ ವ್ರೆಸ್ಲಿಂಗ್ ಅಲಯನ್ಸ್ ಎಂಬ ಒಕ್ಕೂಟದ ಬೇರೆ ಸೀಮೆಯ ಗುತ್ತಿಗೆದಾರರ ಬಳಿಯೂ ಅದೇ ಹೆಸರಿನ ವಿಶ್ವಪಟ್ಟಗಳಿದ್ದವು. ದಾಖಲೆ ಬರೆಯುವವರು ತಲೆ ಕೆಟ್ಟು ಕೊನೆಗೆ 'ವಿಶ್ವ ಚಾಂಪಿಯನ್, ಸ್ಯಾನ್ ಫ್ರಾನ್ಸಿಸ್ಕೋ ಆವೃತ್ತಿ' ಎಂದು ಬರೆದುಕೊಂಡರು. ಪಂಚಾಂಗಕ್ಕೆ ಒಂಟಿಕೊಪ್ಪಲ್ ಎಂದು ಊರಿನ ಹೆಸರಿರಬಹುದು, ವಿಶ್ವಕ್ಕೂ ಇರಬಹುದು ಎಂದು ಜಗತ್ತಿಗೆ ಆಗ ತಿಳಿಯಿತು. ಅಮೆರಿಕದ ಹೆವಿವೇಟ್ ಪಟ್ಟದ ಕಥೆಯೂ ಇಷ್ಟೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು, ಡೆಟ್ರಾಯ್ಟಿನಲ್ಲಿ ಒಂದು, ಟೊರಾಂಟೋದಲ್ಲಿ ಇನ್ನೊಂದು. ಟೊರಾಂಟೋ ಇರುವುದು ಕೆನಡಾದಲ್ಲಿ ಎಂಬ ಸಣ್ಣ ವಿಷಯವನ್ನು ಯಾರೂ ಎತ್ತಲಿಲ್ಲ.

ಆ ಕಣದಲ್ಲಿ ಮೆಕ್ಸಿಕನ್ ಮೂಲದ ಪೆಪರ್ ಗೋಮೆಜ್ ಇದ್ದ, ಹೊಟ್ಟೆಯ ಮೇಲೆ ಫೋಕ್ಸ್‌ವ್ಯಾಗನ್ ಕಾರು ಹತ್ತಿಸಿಕೊಂಡವನು. ಪ್ಯಾಟ್ ಪ್ಯಾಟರ್ಸನ್ ಇದ್ದ. ಈ ಪ್ಯಾಟರ್ಸನ್ ಮುಂದೆ ಪೂರ್ವಕ್ಕೆ ಹೋದಾಗ, 1979ರಲ್ಲಿ, ಅಲ್ಲಿಯ ಕಂಪನಿ ಒಂದು ಸುದ್ದಿ ಕೊಟ್ಟಿತು: ಇವರು ರಿಯೊ ಡಿ ಜನೈರೋದಲ್ಲಿ ನಡೆದ ಪಂದ್ಯಾವಳಿಯಲ್ಲಿ ಉತ್ತರ, ದಕ್ಷಿಣ ಅಮೆರಿಕಗಳೆರಡರ ಪಟ್ಟ ಗೆದ್ದು ಪ್ರಥಮ 'ಖಂಡಾಂತರ ಚಾಂಪಿಯನ್' ಆಗಿದ್ದಾರೆ. ರಿಯೊದಲ್ಲಿ ಅಂಥ ಪಂದ್ಯಾವಳಿ ನಡೆದೇ ಇರಲಿಲ್ಲ. ಎದುರಾಳಿಯಿಲ್ಲ, ಅಖಾಡವಿಲ್ಲ, ಪ್ರೇಕ್ಷಕರಿಲ್ಲ, ಪಟ್ಟ ಮಾತ್ರ ಇದೆ. ಆ ಪಟ್ಟ ಇವತ್ತಿಗೂ ಚಾಲ್ತಿಯಲ್ಲಿದೆ, ದೊಡ್ಡ ದೊಡ್ಡವರು ಅದಕ್ಕಾಗಿ ಬೆವರು ಸುರಿಸಿದ್ದಾರೆ. ನಮ್ಮಲ್ಲಿ ಕೆಲವರ ರೆಸ್ಯೂಮೆ ಓದುವಾಗ ನನಗೆ ಆ ರಿಯೊ ನೆನಪಾಗುತ್ತದೆ.

ಆದರೆ ಪಟ್ಟಗಳ ಕಾಡು ನೋಡಬೇಕಾದರೆ ಮೆಕ್ಸಿಕೋಗೇ ಹೋಗಬೇಕು. ಸಾಲ್ವದೋರ್ ಲುತ್ತೆರೋತ್ 1933ರಲ್ಲಿ ಅಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಈಗ ಸಿಎಂಎಲ್ಎಲ್. 1950ರ ದಶಕದಿಂದ ಅದು ಮೇಲೆ ಹೇಳಿದ ಅಮೆರಿಕದ ಒಕ್ಕೂಟದ ಹೆಸರಿನಲ್ಲೇ ಹಗುರ ತೂಕದವರ ವಿಶ್ವಪಟ್ಟಗಳನ್ನು ನಡೆಸುತ್ತಿತ್ತು. 1980ರ ದಶಕದ ಕೊನೆಗೆ ಒಕ್ಕೂಟ ಬಿಟ್ಟಿತು, ಪಟ್ಟ ಬಿಡಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಒಕ್ಕೂಟದವರು ತಮ್ಮ ಹೆಸರು ವಾಪಸು ಕೇಳಿದಾಗ, 2010ರಲ್ಲಿ, ಸಿಎಂಎಲ್ಎಲ್ ಹೊಸ ಪಟ್ಟಗಳನ್ನೇ ಹೊರಡಿಸಿ ಅವಕ್ಕೆ 'ಐತಿಹಾಸಿಕ ವಿಶ್ವಪಟ್ಟ' ಎಂದು ಹೆಸರಿಟ್ಟಿತು. ಹುಟ್ಟಿದ ದಿನವೇ ಐತಿಹಾಸಿಕ! ನಾಮಕರಣದ ದಿನವೇ ಷಷ್ಟ್ಯಬ್ದಿ ಮಾಡಿದ ಹಾಗೆ. ಈ ನಡುವೆ 1992ರಲ್ಲಿ ಆಂತೋನಿಯೊ ಪೆನ್ಯಾ ಎಂಬವನು ಸಿಎಂಎಲ್ಎಲ್‌ನಿಂದ ಸಿಡಿದು ಹೋಗಿ ಟ್ರಿಪಲ್ ಎ ಎಂಬ ಸಂಸ್ಥೆ ಕಟ್ಟಿದ್ದ. ಅವನ ಹಿಂದೆ ಹೋದ ಪೈಲ್ವಾನರು ತಮ್ಮ ಸೊಂಟದಲ್ಲಿದ್ದ ರಾಷ್ಟ್ರೀಯ ಪಟ್ಟಗಳಲ್ಲಿ ಕೆಲವನ್ನು ಹಾಗೆಯೇ ಹೊತ್ತುಕೊಂಡು ಹೋದರು. ಸಂಘ ಒಡೆಯುವಾಗ ಮೈಕ್, ಜಮಖಾನೆ, ಬ್ಯಾಂಕ್ ಪಾಸ್‌ಬುಕ್ ಯಾರ ಪಾಲಿಗೆ ಎಂದು ಜಗಳ ಕಂಡವರಿಗೆ ಇದು ಅರ್ಥವಾಗುತ್ತದೆ.

ಇಬ್ಬರ ಬಳಿಯೂ ವಿಶ್ವ ಇದ್ದ ಮೇಲೆ ವಿಶ್ವಕ್ಕೆ ಬೆಲೆಯೆಲ್ಲಿ? ಟ್ರಿಪಲ್ ಎ 2007ರಲ್ಲಿ 'ಮೆಗಾ' ಪಟ್ಟ ತಂದಿತು. ಸಿಎಂಎಲ್ಎಲ್ 2009ರಲ್ಲಿ ತನ್ನ ಚಾಂಪಿಯನ್ನರನ್ನೇ ಒಬ್ಬರ ಮೇಲೊಬ್ಬರನ್ನು ಬಿಟ್ಟು 'ಯೂನಿವರ್ಸಲ್' ಆರಿಸಿತು. ಭೂಮಿ ಮುಗಿದ ಮೇಲೆ ಬ್ರಹ್ಮಾಂಡವೇ ಗತಿ. 2025ರಲ್ಲಿ ಅಮೆರಿಕದ ಡಬ್ಲ್ಯುಡಬ್ಲ್ಯುಇ ಟ್ರಿಪಲ್ ಎಯನ್ನೇ ಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಮೆಗಾ ಪಟ್ಟ ಲಾಸ್ ವೇಗಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ಡೊಮಿನಿಕ್ ಮಿಸ್ಟೀರಿಯೊನ ಸೊಂಟ ಸೇರಿತು. ಅವನ ಕಂಪನಿಯೇ ಮಾಲೀಕ, ಅವನೇ ವಿಜೇತ. ಕ್ಯಾಂಪಸ್ ಸಂದರ್ಶನಕ್ಕೆ ಮಾವನೇ ಕೂತಿದ್ದರೆ ಇನ್ನೇನಾದೀತು.

ನಗುವ ಮುನ್ನ ನಮ್ಮ ಅಂಗಳ ನೋಡಿಕೊಳ್ಳೋಣ. ಕರ್ನಾಟಕ ಸರ್ಕಾರ 1985ರಲ್ಲಿ ಮೈಸೂರಿನಲ್ಲಿ, 2011ರಲ್ಲಿ ಬೆಳಗಾವಿಯಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಸಿತು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ನದೂ ವಿಶ್ವ ಕನ್ನಡ ಸಮ್ಮೇಳನವೇ, 2014ರಲ್ಲಿ ಅದು ಸ್ಯಾನ್ ಹೋಸೆಗೇ ಬಂದಿತ್ತು. ಅಲ್ಲಿಯದೇ ಇನ್ನೊಂದು ಸಂಘಟನೆ 'ನಾವಿಕ'ದ್ದು ವಿಶ್ವ ಕನ್ನಡ ಸಮಾವೇಶ. ಅಂದರೆ ವಿಶ್ವ ಒಂದೇ, ಆವೃತ್ತಿ ಮೂರು. 1973ರಿಂದ ಇರುವ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟವೊಂದೇ ತನ್ನ ಎಲ್ಲೆಯನ್ನು ಹೆಸರಿನಲ್ಲೇ ಬರೆದುಕೊಂಡ ಸಂಕೋಚದ ಪ್ರಾಣಿ. ಇಷ್ಟು ವರ್ಷ ಅದಕ್ಕೆ ಯಾರೂ ಬುದ್ಧಿ ಹೇಳಿಲ್ಲವೆಂದರೆ ಆಶ್ಚರ್ಯ.

ಇಷ್ಟಾದರೂ ಮೆಕ್ಸಿಕನ್ನರ ಮುಂದೆ ನಾವು ತಲೆ ತಗ್ಗಿಸಬೇಕಾದ ಜಾಗ ಒಂದಿದೆ. ಪಟ್ಟ ಕೊಡುವವನು ಟಿಕೆಟ್ ಮಾರುವವನೇ ಎಂದು ಅಲ್ಲಿಯ ಕಡಲೆಕಾಯಿ ಮಾರುವ ಹುಡುಗನಿಗೂ ಗೊತ್ತು. ಹಾಗಾಗಿ ಜನ ನಿಜವಾಗಿ ಉಸಿರು ಬಿಗಿಹಿಡಿದು ನೋಡುವುದು ಪಣದ ಕುಸ್ತಿಯನ್ನು. ಮುಖವಾಡದ ಪೈಲ್ವಾನ ಸೋತರೆ ಕಣದಲ್ಲೇ ಮುಖವಾಡ ಕಳಚಿ, ನಿಜ ಹೆಸರು, ಹುಟ್ಟೂರು, ಎಷ್ಟು ವರ್ಷದಿಂದ ಕುಸ್ತಿ ಆಡುತ್ತಿದ್ದಾನೆ ಎಂದು ಎಲ್ಲರೆದುರು ಹೇಳಬೇಕು. ಮುಖವಾಡವಿಲ್ಲದವನು ಸೋತರೆ ಅಲ್ಲೇ ತಲೆ ಬೋಳಿಸುತ್ತಾರೆ. 1952ರಲ್ಲಿ ಎಲ್ ಸಾಂತೋ ಬ್ಲ್ಯಾಕ್ ಶ್ಯಾಡೋನ ಮುಖವಾಡ ಗೆದ್ದ. ಮರುವರ್ಷ ಬ್ಲೂ ಡೆಮನ್ ಸಾಂತೋನಿಂದ ವಿಶ್ವಪಟ್ಟ ಕಿತ್ತುಕೊಂಡ. ಪಟ್ಟ ಹೋದರೂ ಸಾಂತೋ ಸಾಂತೋ ಆಗಿಯೇ ಇದ್ದ, ಏಕೆಂದರೆ ಮುಖವಾಡ ಹೋಗಲಿಲ್ಲ. 1984ರಲ್ಲಿ ಸತ್ತಾಗ ಅದರ ಸಮೇತ ಹೂತರು.

ನಮ್ಮ ಮೈಸೂರಿನ ಜಟ್ಟಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ವಿಜಯದಶಮಿಯ ದಿನ ಅರಮನೆಯಂಗಳದ ವಜ್ರಮುಷ್ಟಿ ಕಾಳಗಕ್ಕೆ ಅವರು ಸೋಲುವವರೆಗೆ ಕಾಯದೆ, ಮೊದಲೇ ತಲೆ ಬೋಳಿಸಿಕೊಂಡು ಬರುತ್ತಾರೆ. ತಲೆಯಲ್ಲಿ ನೆತ್ತರು ಚಿಮ್ಮಿದರೆ ಕಾಳಗ ಮುಗಿಯಿತು. ಸೊಂಟಪಟ್ಟಿ ಇಲ್ಲ, ವಿಶ್ವ ಇಲ್ಲ. ಜಂಬೂ ಸವಾರಿ ಹೊರಡಬೇಕು, ಅಷ್ಟೇ.

ಬೇ ಏರಿಯಾದ ಬಿರುದಿಗೆ ಈ ಪಣವೇ ಇಲ್ಲದಿರುವುದು ನನಗೆ ಕಂಡ ದೋಷ. ಬೆಂಗಳೂರಿನ ಯಾವುದೋ ಸಭಾಂಗಣದಲ್ಲಿ, ಹೆಸರೇ ಕೇಳದ ವಿಶ್ವವಿದ್ಯಾಲಯದಿಂದ, ಬಾಡಿಗೆ ಗೌನಿನಲ್ಲಿ ಗೌರವ ಡಾಕ್ಟರೇಟ್ ಪಡೆದು ಬಂದವರೊಡನೆ ಯಾರೂ ಕುಸ್ತಿ ಹಿಡಿಯುವ ಹಾಗಿಲ್ಲ. ಕಂಪನಿ ಮುಚ್ಚಿದರೂ ಸ್ಥಾಪಕ ಸ್ಥಾಪಕನೇ, ಕೆಲಸ ಹೋದರೆ ಅವನೇ ಸಲಹೆಗಾರ. ಸೋಲಿಗೂ ಇಲ್ಲಿ ಬಿರುದುಂಟು.

ಅದಕ್ಕೇ ನಮ್ಮ ಕಡೆಯ ಪುಟ್ಟ ಕನ್ನಡ ಬಳಗವೊಂದರ ಸಭೆಯಲ್ಲಿ ಒಂದು ಸೂಚನೆ ಮುಂದಿಟ್ಟೆ: ಅಧ್ಯಕ್ಷ ಸ್ಥಾನಕ್ಕೆ ಇನ್ನು ಚುನಾವಣೆ ಬೇಡ, ಪಣವಿರಲಿ. ರಾಜ್ಯೋತ್ಸವದ ಊಟ ಸಮಯಕ್ಕೆ ಬರದಿದ್ದರೆ ವೇದಿಕೆಯ ಮೇಲೇ ಕ್ಷೌರ.

ಅಧ್ಯಕ್ಷರು ತಲೆ ಸವರಿಕೊಂಡರು. "ಪಣಕ್ಕಿಡೋಕೆ ಏನಾದರೂ ಉಳಿದಿರಬೇಕಲ್ಲ ಸ್ವಾಮೀ."

"ಹಾಗಾದರೆ ಮುಖವಾಡದ ಲೆಕ್ಕ, ರಾಯರೇ. ಸೋತವರು ತಮ್ಮ ನಿಜವಾದ ಹುದ್ದೆ ಏನು, ಕೈಕೆಳಗೆ ಎಷ್ಟು ಜನ ಇದ್ದಾರೆ ಅಂತ ಮೈಕಿನಲ್ಲಿ ಹೇಳಲಿ."

ಸಭೆಯಲ್ಲಿ ಚಿತ್ರಾನ್ನ ಅಗಿಯುವ ಸದ್ದೂ ನಿಂತಿತು. ಕೊನೆಗೆ ಹಿರಿಯರೊಬ್ಬರು ಎದ್ದು, ಸೂಚನೆ ಗಂಭೀರವಾಗಿದೆ, ಬೈಲಾ ತಿದ್ದಬೇಕಾಗುತ್ತದೆ, ಪರಿಶೀಲನೆಗೆ ಉಪಸಮಿತಿ ಮಾಡೋಣ ಎಂದರು. ಚಪ್ಪಾಳೆ ಬಿತ್ತು. ಉಪಸಮಿತಿಗೆ ಒಬ್ಬ ಅಧ್ಯಕ್ಷರು, ಇಬ್ಬರು ಸಹ-ಅಧ್ಯಕ್ಷರು, ಪೂರ್ವ ಕೊಲ್ಲಿ ಸಂಚಾಲಕರು, ದಕ್ಷಿಣ ಕೊಲ್ಲಿ ಸಂಚಾಲಕರು, ಒಬ್ಬ ಮಹಾಪೋಷಕರು ಅಲ್ಲೇ ಆಯ್ಕೆಯಾದರು. ಸೂಚನೆ ತಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ನನ್ನನ್ನು 'ವಿಶ್ವ ಸಂಯೋಜಕ' ಮಾಡಿದ್ದಾರೆ. ಒಪ್ಪಿಕೊಂಡಿದ್ದೇನೆ. ವಿಸಿಟಿಂಗ್ ಕಾರ್ಡು ಅಚ್ಚಿಗೆ ಹೋಗಿದೆ.