ಹಾರಲೋ, ಬೇಡವೋ?

ಲೋಣಾವಳದಾಚೆ ಕಾಮ್‌ಶೇತ್ ಗುಡ್ಡಗಳಲ್ಲಿ ಪ್ಯಾರಾಗ್ಲೈಡಿಂಗ್ ಕಲಿಸ್ತಾರಂತೆ ಅಂದದ್ದೇ ತಡ, ನನ್ನವಳು, "ಮೊದಲು ಫ್ಯಾನ್ ಒರೆಸೋಕೆ ಸ್ಟೂಲ್ ಹತ್ತಿ ತೋರಿಸಿ" ಅಂದಳು. ಮಳೆಗಾಲ ಮುಗಿದು ಅಕ್ಟೋಬರ್ ಬರಲಿ ಎಂದು ಜಾರಿಕೊಂಡೆ.

ಆದರೆ ನನ್ನ ಅರ್ಹತೆಯೇನು ಕಮ್ಮಿಯೇ? ಮೊದಲ ಪಾಠ ಹಾರುವುದಲ್ಲ. ಸರಂಜಾಮು ಕಟ್ಟಿಕೊಂಡು ಬಯಲಲ್ಲಿ ಓಡುವುದು, ಗಾಳಿ ತುಂಬಿದ ರೆಕ್ಕೆಯನ್ನು ತಲೆಯ ಮೇಲೆ ನಿಲ್ಲಿಸುವುದು. ಡೊಂಬಿವಲಿಯಲ್ಲಿ ಬೆನ್ನಿನ ಚೀಲವನ್ನು ಎದೆಗೆ ತಂದುಕೊಂಡು ಫಾಸ್ಟ್ ಲೋಕಲ್‌ಗೆ ಓಡುವ ನನಗೆ 20 ವರ್ಷದ ತಾಲೀಮಿದೆ. ಕಾಲು ನೆಲಕ್ಕೆ ತಾಗದೆಯೇ ದಾದರ್ ತಲುಪಿದ ದಿನಗಳೂ ಉಂಟು!

ಅಳುಕು ಒಂದೇ: ಗಾಳಿ ಹದವಾಗಿಲ್ಲದಿದ್ದರೆ ಗುಡ್ಡದ ಮೇಲೆ ಗಂಟೆಗಟ್ಟಲೆ ಸುಮ್ಮನೆ ಕೂತು ಕಾಯಬೇಕು. ಲೋಕಲ್ 3 ನಿಮಿಷ ತಡವಾದರೇ ಇಂಡಿಕೇಟರಿಗೆ ಶಾಪ ಹಾಕುವವನು ನಾನು. ಸದ್ಯಕ್ಕೆ ಸ್ಟೂಲೇ ಗತಿ.