ನಡಾವಳಿ ನಮ್ಮ ಕಾಲೇಜಿನ ಗೋಡೆಗೂ ಬರಲಿ

ಬೆಂಗಳೂರು ವಿಶ್ವವಿದ್ಯಾಲಯದ ಸಿಂಡಿಕೇಟ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

2017ರಲ್ಲಿ ನಿಮ್ಮ ವಿಶ್ವವಿದ್ಯಾಲಯ ಮೂರಾಗಿ ಒಡೆದಾಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪದವಿ ಕಾಲೇಜುಗಳು ಜ್ಞಾನಭಾರತಿ ಆವರಣದ ನಿಮ್ಮ ವಿಶ್ವವಿದ್ಯಾಲಯದ ಜೊತೆಗೇ ಉಳಿದವು. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾದರೂ ಆ ನಂಟು ಬದಲಾಗಿಲ್ಲ. ಶುಲ್ಕ, ಬಜೆಟ್, ನೇಮಕಾತಿ, ಕಾಲೇಜುಗಳ ಸಂಯೋಜನೆ ಎಲ್ಲವೂ ನಿಮ್ಮ ಸಭೆಯ ಮುಂದೆ ಬರುತ್ತವೆ. ಅಲ್ಲಿ ಏನು ತೀರ್ಮಾನವಾಯಿತು ಎಂಬುದು ಇಲ್ಲಿನ ಮಕ್ಕಳಿಗೂ ಹೆತ್ತವರಿಗೂ ಕನ್ನಡದಲ್ಲಿ ತಿಳಿಯಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ಸಿಂಡಿಕೇಟ್ ಹುಟ್ಟಿದ ಬಗೆಯನ್ನು ನೆನೆಯೋಣ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಶುರುವಾದಾಗ ದೊಡ್ಡ ಸಭೆಯಾಗಿ ಇದ್ದದ್ದು ಸೆನೆಟ್. ದಿನದಿನದ ಆಡಳಿತ ನೋಡಿಕೊಳ್ಳಲು ಅದರ ಕೆಳಗೆ ಬೆಳೆದ ಸಣ್ಣ ಸಮಿತಿಯೇ ಸಿಂಡಿಕೇಟ್. 1904ರ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಟ್ಟಿದ ಮೈಸೂರು ವಿಶ್ವವಿದ್ಯಾಲಯಕ್ಕೂ ಸೆನೆಟ್ ಇತ್ತು. 1964ರಲ್ಲಿ ಅದರಿಂದ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. ಆಮೇಲೆ ಬಂದ 1976ರ ರಾಜ್ಯ ಕಾಯ್ದೆಯೂ ಸೆನೆಟನ್ನು ಇಟ್ಟುಕೊಂಡಿತು. 2000ದ ಕಾಯ್ದೆ ಅದನ್ನು ಕೈಬಿಟ್ಟಿತು. ಪ್ರಶ್ನೆ ಕೇಳುವ ಸಭೆ ಹೋಯಿತು, ಉತ್ತರ ಕೊಡಬೇಕಿದ್ದ ಸಮಿತಿ ಉಳಿಯಿತು. ಈಗ ನಿಮ್ಮನ್ನು ಕೇಳುವವರು ಯಾರು?

ನಿಮ್ಮಲ್ಲಿ ಆರು ಮಂದಿಯನ್ನು ಸರ್ಕಾರ, ಇಬ್ಬರನ್ನು ಕುಲಾಧಿಪತಿಗಳಾದ ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಕುಲಪತಿ ಹುದ್ದೆಗೆ ಹೆಸರು ಸೂಚಿಸುವ ಶೋಧನಾ ಸಮಿತಿಗೂ ಒಬ್ಬರನ್ನು ಸಿಂಡಿಕೇಟ್ ಹೆಸರಿಸುತ್ತದೆ. ಕುಲಾಧಿಪತಿ ಸ್ಥಾನ ರಾಜ್ಯಪಾಲರಿಗೋ ಮುಖ್ಯಮಂತ್ರಿಗೋ ಎಂಬ ಜಗ್ಗಾಟ 2024ರಲ್ಲಿ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಮಸೂದೆಯ ಹೊತ್ತಿಗೆ ಜೋರಾಯಿತು. ಮೇಲಿನ ಕುರ್ಚಿಯಲ್ಲಿ ಯಾರೇ ಕೂರಲಿ, ಕನಕಪುರದ ಬಿ.ಕಾಂ. ವಿದ್ಯಾರ್ಥಿನಿಗೆ ತಟ್ಟುವುದು ಸಿಂಡಿಕೇಟಿನ ತೀರ್ಮಾನ.

ಸಂಯೋಜನೆಗಾಗಿ ವಿಶ್ವವಿದ್ಯಾಲಯ ಕಳಿಸುವ ಸ್ಥಳೀಯ ವಿಚಾರಣಾ ಸಮಿತಿ ಕಾಲೇಜಿಗೆ ಬರುವ ದಿನವನ್ನೇ ನೋಡಿ. ಗ್ರಂಥಾಲಯದ ದಾಖಲೆ ಪುಸ್ತಕ, ಪ್ರಯೋಗಾಲಯ, ಅಧ್ಯಾಪಕರ ಪಟ್ಟಿ, ಶೌಚಾಲಯ ಎಲ್ಲವನ್ನೂ ತಂಡ ಪರಿಶೀಲಿಸುತ್ತದೆ, ವರದಿ ಬರೆಯುತ್ತದೆ. ಆ ಪ್ರಯೋಗಾಲಯದಲ್ಲಿ ಕಲಿಯುವ ಹುಡುಗನಿಗೆ ಆ ವರದಿ ಓದಲು ಸಿಗಬೇಡವೇ? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತನ ಗೂಡಿನ ಬೆಲೆ ಹರಾಜಿನಲ್ಲಿ ನಿಲ್ಲುತ್ತದೆ, ಒಪ್ಪುವ ಬಿಡುವ ಮಾತು ಅವನದೇ. ಅದೇ ರೈತ ತನ್ನ ಮಗಳ ಕಾಲೇಜಿನ ವಿಚಾರದಲ್ಲಿ ಕತ್ತಲೆಯಲ್ಲಿ ಇರಬಾರದು.

ನನ್ನ ಬೇಡಿಕೆ ಮೂರು. ಸಭೆಯ ಕಾರ್ಯಸೂಚಿಯೂ ನಡಾವಳಿಯೂ ಕನ್ನಡದಲ್ಲಿ ಪ್ರತಿ ಕಾಲೇಜಿನ ಸೂಚನಾ ಫಲಕಕ್ಕೆ ಬರಲಿ. ವಿಚಾರಣಾ ಸಮಿತಿಯ ವರದಿ ಅದರ ಪಕ್ಕದಲ್ಲೇ ಇರಲಿ. ವರ್ಷಕ್ಕೊಮ್ಮೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಕಡೆ ನೀವೆಲ್ಲ ಬಂದು ಕೂತು, ವಿದ್ಯಾರ್ಥಿಗಳು, ಅತಿಥಿ ಉಪನ್ಯಾಸಕರು, ಪೋಷಕರ ಅಹವಾಲು ಕೇಳಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ನೀವು ಮನಸ್ಸು ಮಾಡಿದರೆ ಸಾಕು. ಸೆನೆಟ್ ಮತ್ತೆ ಬೇಕೇ ಎಂಬ ಚರ್ಚೆಯನ್ನು ಶಾಸಕರು ಸದನದಲ್ಲಿ ಎತ್ತಲಿ. ಅಲ್ಲಿಯವರೆಗೆ ಜನರಿಗೆ ಲೆಕ್ಕ ಒಪ್ಪಿಸುವ ಕೆಲಸವನ್ನು ನಿಮ್ಮ ಮುಂದಿನ ಸಭೆಯಿಂದಲೇ ಆರಂಭಿಸಿ.

ಇಂತಿ ತಮ್ಮ ವಿಶ್ವಾಸಿ,
ಪದವಿ ವಿದ್ಯಾರ್ಥಿನಿಯೊಬ್ಬಳ ತಂದೆ, ಚನ್ನಪಟ್ಟಣ