ಮಾಪಿನ ಬಿಲ್ಲು, ಎಂಪಿಯ ಲೆಕ್ಕ

ನಮ್ಮ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಯನ್ನು ನೀವೊಮ್ಮೆ ನೋಡಬೇಕು. ನೆಲ ಒರೆಸುವ ಮಾಪು ಮೂರೇ ತಿಂಗಳಿಗೆ ಹೇಗೆ ಸವೆಯಿತು? ಸವೆದದ್ದು ಬಟ್ಟೆ ತಾನೇ, ಕೋಲಿಗೇಕೆ ಮತ್ತೆ ದುಡ್ಡು? ಹಳೇ ಕೋಲು ಈಗೆಲ್ಲಿದೆ? ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಕ್ಕ ಬರೆದು ನಿವೃತ್ತರಾದ ನಮ್ಮ ಖಜಾಂಚಿಗಳು ಆ ಕೋಲಿನ ವಿಚಾರಕ್ಕೆ ಬೆವರುತ್ತಾ ನಿಂತಿರುತ್ತಾರೆ. ಪಾಟೀಸವಾಲಿನ ಮುಂದಾಳು ಮೂರನೇ ಮಹಡಿಯ ಸಾಹೇಬರು. "ಪಾರದರ್ಶಕತೆ ಬೇಕು ಸಾರ್, ಇದು ನಮ್ಮ ಬೆವರಿನ ದುಡ್ಡು," ಎಂದು ಅವರು ಮೇಜು ಕುಟ್ಟಿದರೆ ಸಮೋಸದ ತಟ್ಟೆಗಳೂ ಎದ್ದು ನಿಲ್ಲುತ್ತವೆ.

ಇಂಥ ಸಾಹೇಬರು 2024ರ ಏಪ್ರಿಲ್ 26ರಂದು, ಲೋಕಸಭೆಗೆ ಬೆಂಗಳೂರು ಮತ ಹಾಕಬೇಕಾಗಿದ್ದ ದಿನ, ಚಿಕ್ಕಮಗಳೂರಿನ ಹೋಂಸ್ಟೇ ಒಂದರಲ್ಲಿದ್ದರು. ಅವರನ್ನು ದೂರಿ ಫಲವಿಲ್ಲ. ಅಂದು ಶುಕ್ರವಾರ. ಮತ ಹಾಕಲೆಂದು ಕಾನೂನೇ ಸಂಬಳಸಹಿತ ರಜೆ ಕೊಡಿಸುತ್ತದೆ; ಬೆನ್ನಿಗೇ ಶನಿವಾರ, ಭಾನುವಾರ. ಪ್ರಜಾಪ್ರಭುತ್ವವೇ ಕೈಯಾರೆ ಮೂರು ದಿನದ ಪ್ರವಾಸ ಕಟ್ಟಿಕೊಟ್ಟರೆ ಬೇಡವೆನ್ನಲು ಅವರೇನು ಸನ್ಯಾಸಿಯೇ? ಆದರೆ ಒಂದು ಎಡವಟ್ಟಾಯಿತು. ಉಡುಪಿ–ಚಿಕ್ಕಮಗಳೂರಿಗೂ ಅಂದೇ ಮತದಾನ. ಬೆಳಗ್ಗೆ ಕಡುಬು ಬೇಯಿಸಬೇಕಾದ ಅಡುಗೆಯಾಕೆ ಮೊದಲು ಮತಗಟ್ಟೆಯ ಸಾಲಿನಲ್ಲಿ ನಿಂತು, ಮತ ಒತ್ತಿ, ಆಮೇಲೆ ಒಲೆ ಹಚ್ಚಿದಳು. ಸಾಹೇಬರಿಗೆ ತಿಂಡಿ ಸಿಕ್ಕಿದ್ದು ಹನ್ನೊಂದಕ್ಕೆ. "ಸರ್ವೀಸ್ ಪೂರ್," ಎಂದು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಲ್ಲಿಂದಲೇ ಬರೆದರು.

ಆ ಕ್ಷೇತ್ರದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಮತ ಹಾಕಿದರು. ಮಂಡ್ಯದವರು ಶೇ. 81 ದಾಟಿಸಿದರು. ಬೆಂಗಳೂರು ನಗರದ ಮೂರು ಕ್ಷೇತ್ರಗಳು, ಬೆರಳು ತೋರಿಸಿದವರಿಗೆ ಬೆಣ್ಣೆ ದೋಸೆ ಬಿಟ್ಟಿ ಎಂದು ಹೋಟೆಲಿನವರು ಬೋರ್ಡು ಹಾಕಿದ್ದರೂ, ಶೇ. 53–54ರ ಹತ್ತಿರವೇ ಏದುಸಿರು ಬಿಟ್ಟು ಕೂತವು. ನಗರದ ಮತಪಟ್ಟಿಯಲ್ಲಿ ಮನೆ ಬದಲಿಸಿ ಹೋದವರು, ಲೋಕವನ್ನೇ ಬಿಟ್ಟು ಹೋದವರು ಇನ್ನೂ ಉಳಿದುಕೊಂಡಿರುತ್ತಾರೆ, ಅದಕ್ಕೇ ಲೆಕ್ಕ ಇಳಿಯುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಮ್ಮ ಮೂರನೇ ಮಹಡಿಯವರು ಈ ಎರಡೂ ಪಂಗಡದವರಲ್ಲ. ಕಡುಬು ತಡವಾದದ್ದಕ್ಕೆ ದೂರು ಬರೆಯುವಷ್ಟು ಜೀವಂತವಾಗಿದ್ದರು.

ಅದೇ ಶುಕ್ರವಾರ ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಇಂಡಿಗನತ್ತದಲ್ಲೂ ಬಹುಪಾಲು ಜನ ಮತ ಹಾಕಲಿಲ್ಲ. ಅಲ್ಲಿ ಹೋಂಸ್ಟೇ ಕಾರಣವಲ್ಲ. ರಸ್ತೆಯಿಲ್ಲ, ನೀರಿಲ್ಲ ಎಂದು ಜನ ಬಹಿಷ್ಕಾರ ಹೂಡಿದ್ದರು. ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು, 29ರಂದು ಮರುಮತದಾನ ನಡೆಯಿತು. ಯಂತ್ರ ಒಡೆದದ್ದು ಸರಿ ಎನ್ನಲಾರೆ. ಆದರೆ ಮತ ಹಾಕದಿರುವುದಕ್ಕೂ ಒಂದು ಯೋಗ್ಯತೆ ಬೇಕೆಂದಾದರೆ, ಅದು ಅವರಿಗಿತ್ತು. ನಮ್ಮ ಸಾಹೇಬರಿಗೆ ಮನೆ ಬಾಗಿಲಿನವರೆಗೂ ಡಾಂಬರು ಇದೆ, ಆ ಡಾಂಬರಿನ ಮೇಲೇ ಅವರು ಊರು ಬಿಟ್ಟರು.

"ನಿಲ್ಲೋರೆಲ್ಲಾ ಒಂದೇ ರೀ, ಯಾರಿಗಂತ ಹಾಕೋದು?" ಎಂಬುದು ಮರಳಿ ಬಂದ ಮೇಲೆ ಅವರು ಕೊಟ್ಟ ತತ್ತ್ವ. ಹಾಗನ್ನಿಸಿದವರಿಗೆಂದೇ ಸುಪ್ರೀಂ ಕೋರ್ಟು 2013ರಲ್ಲಿ ನೋಟಾ ಗುಂಡಿ ಕೊಡಿಸಿದೆಯಲ್ಲ ಎಂದೆ. ಇಂದೋರಿನಲ್ಲಿ ಇದೇ ಚುನಾವಣೆಯಲ್ಲಿ 2 ಲಕ್ಷ 18 ಸಾವಿರಕ್ಕೂ ಹೆಚ್ಚು ಜನ ಅದನ್ನೇ ಒತ್ತಿದರು. "ಒತ್ತಿ ಏನಾಯ್ತು? ಗೆಲ್ಲೋರು ಗೆದ್ದೇ ಗೆದ್ದರು," ಎಂದರು. ಗೆದ್ದರು, ನಿಜ. ಆದರೂ ಆ ಲಕ್ಷಾಂತರ ಜನರ ಸಿಟ್ಟು ಲೆಕ್ಕದ ಪುಸ್ತಕ ಸೇರಿತು. ಚಿಕ್ಕಮಗಳೂರಿನಲ್ಲಿ ಕೂತವರ ಸಿಟ್ಟು ಹೋಂಸ್ಟೇ ಬಿಲ್ಲಿನಲ್ಲೂ ಕಾಣಿಸಲಿಲ್ಲ.

ಹಾಗೆಂದು ಮತ ಹಾಕಿದ ನಾವೆಲ್ಲ ಮಹಾ ಜವಾಬ್ದಾರಿಗಳು ಎಂದುಕೊಳ್ಳಬೇಡಿ. ಎಡಗೈ ತೋರುಬೆರಳಿಗೆ ಮೈಸೂರಿನ ಶಾಯಿ ಬೀಳುತ್ತಿದ್ದಂತೆ ನಮ್ಮ ಕರ್ತವ್ಯ ಫೋಟೋದಲ್ಲಿ ಮುಗಿಯುತ್ತದೆ. ಶಾಯಿಯ ವಿಷಯದಲ್ಲಿ ನಮಗೆ ಸ್ವಲ್ಪ ಜಂಬವೂ ಸಲ್ಲುತ್ತದೆ: 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆಲ್ಲ ಇದನ್ನು ಒದಗಿಸುತ್ತಿದೆ. ಮತಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಅಂದರೆ ಸಾಮಾನು ಸರಂಜಾಮೆಲ್ಲ ನಮ್ಮದೇ. ಬರಬೇಕಾದವರು ಮಾತ್ರ ಬೆಟ್ಟದಲ್ಲಿ! ಯಂತ್ರದ ಪಕ್ಕದ ವಿವಿಪ್ಯಾಟ್ ಕಿಂಡಿಯಲ್ಲಿ ನಾವು ಒತ್ತಿದ ಚಿಹ್ನೆಯ ಚೀಟಿ ಏಳು ಸೆಕೆಂಡು ಕಾಣುತ್ತದೆ. ನಮ್ಮಲ್ಲಿ ಅನೇಕರು ಐದು ವರ್ಷದಲ್ಲಿ ತಮ್ಮ ಎಂಪಿಯ ಕೆಲಸದ ಬಗ್ಗೆ ಯೋಚಿಸುವ ಹೊತ್ತೂ ಒಟ್ಟು ಅಷ್ಟೇ ಇರಬೇಕು.

ಯೋಚಿಸಿದರೂ ಏನನ್ನು ಎನ್ನುತ್ತೀರಿ? ಪ್ರಚಾರಕ್ಕೆ ಬಂದ ಲೋಕಸಭಾ ಅಭ್ಯರ್ಥಿಯನ್ನು ನಮ್ಮ ಬೀದಿಯವರು ಸುತ್ತುವರಿದು ಕೇಳಿದ್ದು ಮೋರಿಯ ವಿಷಯ. ಮೋರಿ ನೋಡಿಕೊಳ್ಳಬೇಕಾದವರು ಪಾಲಿಕೆ ಸದಸ್ಯರು. ಬಿಬಿಎಂಪಿಯ ಕೊನೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು, ಆಮೇಲೆ ಪಾಲಿಕೆ ಚುನಾವಣೆಯೇ ನಡೆದಿರಲಿಲ್ಲ. ತಬ್ಬಲಿ ಮೋರಿ ಪಾಪ, ಸಿಕ್ಕಸಿಕ್ಕವರ ಕಾಲಿಗೆ ಬೀಳುತ್ತಿತ್ತು. "ಪಾಲಿಕೆ ಚುನಾವಣೆ ಯಾಕೆ ಮಾಡಲಿಲ್ಲ?" ಎಂದು ಬೆಂಗಳೂರು ಎದೆ ತಟ್ಟಿ ಕೇಳಬಹುದಿತ್ತು, ಕೇಳಲಿಲ್ಲ. ಅಭ್ಯರ್ಥಿಯಾದರೂ "ಅಮ್ಮಾ, ಮೋರಿ ನನ್ನ ಕೆಲಸವಲ್ಲ, ನನ್ನ ಕೆಲಸ ದೆಹಲಿಯಲ್ಲಿ ಕಾನೂನು ಮಾಡೋದು," ಎನ್ನಬಹುದಿತ್ತು. ಹಾಗೆಂದವರು ಗೆದ್ದದ್ದುಂಟೇ? "ಮಾಡಿಸಿಕೊಡ್ತೀನಿ ತಾಯಿ," ಎಂದು ಕೈಮುಗಿದು ಮುಂದಿನ ಮೋರಿ ದಾಟಿದರು. ಇನ್ನು ಮೋರಿಗೇ ನಿಲ್ಲುವ ಅಭ್ಯರ್ಥಿಯನ್ನು ಕೇಳಿ ನೋಡಿ, ಆತ ಪಾಕಿಸ್ತಾನಕ್ಕೆ ಪಾಠ ಕಲಿಸುವ ಬಗ್ಗೆ ಹೇಳುತ್ತಾನೆ.

ದೆಹಲಿಯ ಕೆಲಸದ ಲೆಕ್ಕವೇನೂ ಗುಟ್ಟಲ್ಲ. ಯಾರು ಎಷ್ಟು ದಿನ ಬಂದರು, ಏನು ಕೇಳಿದರು, ಮಂತ್ರಿ ಏನು ಉತ್ತರಿಸಿದರು, ಎಲ್ಲ ಲೋಕಸಭೆಯ ಜಾಲತಾಣದಲ್ಲಿ ಬಿದ್ದಿದೆ. ಐದು ವರ್ಷದ 17ನೇ ಲೋಕಸಭೆ ಸೇರಿದ್ದು 274 ದಿನ. ಉಪಸಭಾಧ್ಯಕ್ಷರನ್ನು ಆರಿಸಬೇಕೆಂದು ಸಂವಿಧಾನ ಹೇಳಿದ್ದರೂ ಅವಧಿ ಮುಗಿಯುವವರೆಗೂ ಆ ಕುರ್ಚಿ ಖಾಲಿ. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸದಸ್ಯರನ್ನು ಅಮಾನತು ಮಾಡಿ, ಉಳಿದವರು ಅಪರಾಧ ಕಾನೂನುಗಳನ್ನೇ ಬದಲಿಸುವ ಮಸೂದೆಗಳನ್ನು ಪಾಸು ಮಾಡಿದರು. ಗಲಾಟೆ ಮಾಡಿದವರೂ ಲೆಕ್ಕ ಒಪ್ಪಿಸಬೇಕು, ಹೊರಗಟ್ಟಿದವರೂ ಒಪ್ಪಿಸಬೇಕು. ನಾವು ಇಬ್ಬರನ್ನೂ ಕೇಳಲಿಲ್ಲ. ಕರ್ನಾಟಕದಿಂದ ಹೋದ ಕೆಲವರಂತೂ ಐದು ವರ್ಷ ಒಂದು ಚರ್ಚೆಯಲ್ಲೂ ಬಾಯಿ ತೆರೆಯಲಿಲ್ಲವೆಂದು ಪತ್ರಿಕೆಗಳಲ್ಲಿ ಬಂತು. ಮಾತು ಬೆಳ್ಳಿ, ಮೌನ ಬಂಗಾರ ಎಂಬುದನ್ನು ನಂಬಿ, ಅಷ್ಟೂ ವರ್ಷ ಬಂಗಾರ ಕೂಡಿಟ್ಟುಕೊಂಡು ಬಂದರು.

ನಿಜವಾದ ಬಂಗಾರದ ವಿವರ ಬೇಕಿದ್ದರೆ ಅದೂ ಉಂಟು. 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಪ್ರತಿ ಅಭ್ಯರ್ಥಿಯೂ ಆಸ್ತಿ, ಸಾಲ, ಓದು, ಕ್ರಿಮಿನಲ್ ಮೊಕದ್ದಮೆಗಳನ್ನು ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗ ಅದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಧಾರಾವಾಹಿ ನೋಡುವವರು ಇದನ್ನೇಕೆ ಬಿಟ್ಟಿದ್ದಾರೋ ತಿಳಿಯದು. ಕೋಟಿಗಟ್ಟಲೆ ಜಮೀನಿದ್ದೂ ಸ್ವಂತಕ್ಕೊಂದು ಕಾರಿಲ್ಲದ ವಿರಾಗಿಗಳು ಅದರಲ್ಲಿ ಸಿಗುತ್ತಾರೆ. ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ. ಅದನ್ನು ದಾಟುವವರು ಇಲ್ಲವೇ ಇಲ್ಲ ಎನ್ನಬಹುದು, ಅವರವರೇ ಬರೆದುಕೊಟ್ಟ ಲೆಕ್ಕದ ಪ್ರಕಾರ. ಇಂಥ ಮಿತವ್ಯಯಿಗಳ ಕೈಗೆ ನಮ್ಮ ಸಂಘದ ಖಜಾನೆಯನ್ನು ಕೊಟ್ಟರೆ ಒಂದೇ ಮಾಪಿನಲ್ಲಿ ಹತ್ತು ವರ್ಷ ಒರೆಸಿಸುತ್ತಾರೆ.

ಸಂಸದರ ಪ್ರದೇಶಾಭಿವೃದ್ಧಿ ನಿಧಿ ಎಂಬುದೂ 1993ರಿಂದ ಇದೆ. ಈಗ ವರ್ಷಕ್ಕೆ 5 ಕೋಟಿ. ಹಣ ಎಂಪಿಯ ಜೇಬಿಗೆ ಬರುವುದಿಲ್ಲ. ಅವರು ಕಾಮಗಾರಿ ಸೂಚಿಸಿದರೆ ಜಿಲ್ಲಾಡಳಿತ ಮಾಡಿಸುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಬಸ್ ತಂಗುದಾಣದ ನೆತ್ತಿಯ ಮೇಲೆ ಸ್ಟಾಪಿನ ಹೆಸರಿಗಿಂತ ದೊಡ್ಡದಾಗಿ ಮೆರೆಯುವ ಅವರ ಹೆಸರು. ಉಳಿದದ್ದು ಎಲ್ಲಿ ಹೋಯಿತೆಂದು ಕೇಳಲು ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ನಮ್ಮ ಸಾಹೇಬರಿಗೆ ಇದನ್ನೂ ಹೇಳಿದೆ. "ಅದೆಲ್ಲಾ ರಾಜಕೀಯ ರೀ, ನಮಗ್ಯಾಕೆ?" ಎಂದರು. ಮಾಪು ಮಾತ್ರ ರಾಜಕೀಯವಲ್ಲ.

ನಮ್ಮ ಬೀದಿಯಲ್ಲಿ ಲೆಕ್ಕ ಕೇಳುವುದು ಗೊತ್ತಿರುವುದು ಹಾಲಿನ ಬೂತಿನ ಅಕ್ಕನಿಗೊಬ್ಬಳಿಗೇ. ಓದಿದ್ದು ಏಳನೇ ಕ್ಲಾಸು. ಪ್ರತಿ ಚುನಾವಣೆಯಲ್ಲಿ ಹಂಚುವ ಕರಪತ್ರವನ್ನು ಬಿಸಾಡದೆ ಬೂತಿನ ಮೊಳೆಗೆ ಚುಚ್ಚಿಟ್ಟಿರುತ್ತಾಳೆ. ಈ ಸಲ ಒಬ್ಬ ಮುಖಂಡರು ಹತ್ತಾರು ಹುಡುಗರೊಂದಿಗೆ ಬಂದು ಹೊಸ ಕರಪತ್ರ ನೀಡಿದರು. ಆಕೆ ಹಳೆಯದನ್ನು ಮೊಳೆಯಿಂದ ಬಿಡಿಸಿ ಅವರ ಕೈಗಿಟ್ಟಳು. "ಹೊಸದನ್ನ ಆಮೇಲೆ ಓದ್ತೀನಿ ಅಣ್ಣಾ. ಮೊದ್ಲು ಇದ್ರಲ್ಲಿ ಯಾವ್ಯಾವುದು ಆಯ್ತು ಅಂತ ಒಂದು ಗೀಟು ಹಾಕ್ಕೊಡಿ." ಪೆನ್ನೂ ಕೊಟ್ಟಳು.

ಅವರು ಕಾಗದದ ಮೇಲಿನ ಚಿಹ್ನೆ ನೋಡಿ ನಿರಾಳವಾಗಿ ನಕ್ಕರು. "ಅಯ್ಯೋ, ಇದು ನಮ್ಮ ಪಕ್ಷದ್ದಲ್ಲಮ್ಮಾ. ಅವರನ್ನೇ ಕೇಳ್ಬೇಕು ನೀನು."

"ಅವರನ್ನೇ ಕೇಳ್ತಾ ಇರೋದು," ಎಂದು ಆಕೆ ಕರಪತ್ರದ ಫೋಟೋ ಮೇಲೆ ಬೆರಳಿಟ್ಟಳು. "ಎಡಗಡೆಯಿಂದ ಮೂರನೆಯೋರು. ಆಗ ಮೀಸೆ ಬಿಟ್ಟಿದ್ರಿ, ಅಷ್ಟೇ."